ಕಬ್ಬಿಣಕ್ಕಿಂತ ಮೊದಲು ಮನುಷ್ಯರನ್ನು ನಂಬಿದ ಕಿರ್ಲೋಸ್ಕರ್

ಹರಿಹರ: ತುಂಗಭದ್ರೆಯ ದಡದಲ್ಲಿರುವ ಹರಿಹರೇಶ್ವರನ ಊರಿಗೆ ಯಂತ್ರಾಪುರ ಎಂಬ ಇನ್ನೊಂದು ಹೆಸರು ಸೇರಿಕೊಂಡದ್ದು ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಿಂದ. 1941ರಲ್ಲಿ ಸ್ಥಾಪನೆಯಾದ ಈ ಕಾರ್ಖಾನೆ ಲೇತ್ ಯಂತ್ರಗಳಿಗೆ ಹೆಸರಾಗಿತ್ತು. ಹರಿಹರ, ದಾವಣಗೆರೆಯ ಎಷ್ಟೋ ಮನೆಗಳಲ್ಲಿ ಕಿರ್ಲೋಸ್ಕರ್ ಎಂದರೆ ಒಂದು ಕಂಪನಿಯ ಹೆಸರಷ್ಟೇ ಆಗಿರಲಿಲ್ಲ. ಅದು ತಂದೆಯ ಕೆಲಸ, ತಿಂಗಳ ಸಂಬಳ, ಮಕ್ಕಳ ಓದು ಎಲ್ಲವೂ ಆಗಿತ್ತು. ಈ ಹೆಸರಿನ ಮೂಲ ಪುರುಷ ಲಕ್ಷ್ಮಣರಾವ್ ಕಿರ್ಲೋಸ್ಕರ್ ಅವರನ್ನು ಉದ್ಯಮಿಯೆಂದು ನಾಡು ಬಲ್ಲದು. ಕೆಲಸಗಾರರನ್ನು ಕೂಡಿಸಿಕೊಂಡು ದುಡಿಯಬಲ್ಲ ತಂಡ ಕಟ್ಟಿದ ನಾಯಕರೆಂದು ಅವರನ್ನು ನೆನೆಯುವವರು ಕಡಿಮೆ.

ಅವರು ಕನ್ನಡ ನೆಲದವರೇ. 1869ರ ಜೂನ್ 20ರಂದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಜನಿಸಿದರು. ತಂದೆ ಕಾಶಿನಾಥಪಂತರು ವೇದಾಂತದಲ್ಲಿ ಪಂಡಿತರು. ಮಗನಿಗೆ ಮಾತ್ರ ಶಾಲೆಯ ಪಾಠಕ್ಕಿಂತ ಚಿತ್ರ ಬರೆಯುವುದರಲ್ಲಿ, ಯಂತ್ರ ಬಿಚ್ಚಿ ಜೋಡಿಸುವುದರಲ್ಲಿ ಆಸಕ್ತಿ. ಚಿತ್ರಕಲೆ ಕಲಿಯಲು ಮುಂಬೈಯ ಜೆ.ಜೆ. ಕಲಾಶಾಲೆ ಸೇರಿದರು. ಆದರೆ ಕೆಲವು ಬಣ್ಣಗಳ ವ್ಯತ್ಯಾಸ ಅವರ ಕಣ್ಣಿಗೆ ತಿಳಿಯುತ್ತಿರಲಿಲ್ಲ. ಬಣ್ಣ ಕೈಕೊಟ್ಟಾಗ ರೇಖೆಯನ್ನು ಹಿಡಿದರು. ಯಂತ್ರಗಳ ರೇಖಾಚಿತ್ರ ಕಲಿತು ಮುಂಬೈಯ ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಅಧ್ಯಾಪಕರಾದರು.

ಬಡ್ತಿ ತಪ್ಪಿದ ದಿನ

ಅಲ್ಲಿ ಅವರಿಗೆ ನ್ಯಾಯವಾಗಿ ಸಿಗಬೇಕಿದ್ದ ಬಡ್ತಿ ಸಿಗಲಿಲ್ಲ. ಭಾರತೀಯ ಎಂಬ ಕಾರಣಕ್ಕೆ ಅವರನ್ನು ಬದಿಗೆ ಸರಿಸಿ ಆಂಗ್ಲೋ ಇಂಡಿಯನ್ ಒಬ್ಬರಿಗೆ ಆ ಸ್ಥಾನ ನೀಡಲಾಯಿತು. ಲಕ್ಷ್ಮಣರಾಯರು ರಾಜೀನಾಮೆ ಕೊಟ್ಟು ಬೆಳಗಾವಿಗೆ ಮರಳಿದರು. ಅರ್ಹತೆಯನ್ನು ನೋಡದ ಮೇಲಧಿಕಾರಿ ಕೆಳಗಿನವನ ಉತ್ಸಾಹವನ್ನು ಹೇಗೆ ಆರಿಸಿಬಿಡುತ್ತಾನೆ ಎಂಬುದನ್ನು ಅವರು ಸ್ವಂತ ಅನುಭವದಿಂದ ಅರಿತಿದ್ದರು. ಮುಂದೆ ತಾವೇ ಯಜಮಾನರಾದಾಗ ಆ ತಪ್ಪನ್ನು ಮಾಡದಿರುವುದು ಅವರ ಆಡಳಿತದ ಮುಖ್ಯ ಗುಣವಾಯಿತು.

ಅಣ್ಣ ರಾಮುಅಣ್ಣನ ಜೊತೆ ಬೆಳಗಾವಿಯಲ್ಲಿ ಸೈಕಲ್ ವ್ಯಾಪಾರ ಆಗಲೇ ನಡೆದಿತ್ತು. 1888ರಲ್ಲಿ ಆರಂಭವಾದ ಆ ಅಂಗಡಿಗೆ ತಮ್ಮ ಮುಂಬೈಯಿಂದ ಸೈಕಲ್ ಕಳುಹಿಸುತ್ತಿದ್ದರೆ, ಅಣ್ಣ ಅವನ್ನು ಮಾರಿ, ಕೊಂಡವರಿಗೆ ಸವಾರಿಯನ್ನೂ ಕಲಿಸುತ್ತಿದ್ದರು. ಊರಿಗೆ ಮರಳಿದ ಲಕ್ಷ್ಮಣರಾಯರು ಮೇವು ಕತ್ತರಿಸುವ ಯಂತ್ರ ಮತ್ತು ಕಬ್ಬಿಣದ ನೇಗಿಲಿನ ತಯಾರಿಕೆಗೆ ಕೈಹಾಕಿದರು. ಕಬ್ಬಿಣ ಭೂಮಿಗೆ ವಿಷವಾಗುತ್ತದೆ ಎಂದು ರೈತರು ಹೆದರಿದ್ದರಿಂದ ಮೊದಲ ನೇಗಿಲು ಮಾರಾಟವಾಗಲು ಎರಡು ವರ್ಷ ಹಿಡಿಯಿತು. ಉದ್ಯಮ ನಿಲ್ಲುವಷ್ಟರಲ್ಲಿ ಹೊಸ ಬಡಾವಣೆಗಾಗಿ ಜಾಗ ತೆರವು ಮಾಡಬೇಕೆಂದು ಬೆಳಗಾವಿ ಪುರಸಭೆ ಸೂಚಿಸಿತು. ಕುಲುಮೆ, ಯಂತ್ರಗಳೊಂದಿಗೆ ಕೆಲಸಗಾರರೂ ಬೀದಿಗೆ ಬೀಳುವ ಸ್ಥಿತಿ.

ಪಾಪಾಸುಕಳ್ಳಿಯ ನಡುವೆ ಊರು

ಆಗ ನೆರವಿಗೆ ಬಂದವರು ಔಂಧ್ ಸಂಸ್ಥಾನದ ಅರಸ ಬಾಳಾಸಾಹೇಬ ಪಂತ ಪ್ರತಿನಿಧಿ. ಕುಂಡಲ್ ರೋಡ್ ರೈಲು ನಿಲ್ದಾಣದ ಬಳಿ ಪಾಪಾಸುಕಳ್ಳಿ ಬೆಳೆದ, ನಾಗರಹಾವುಗಳಿಂದ ತುಂಬಿದ ಬಂಜರು ಭೂಮಿ ದೊರೆಯಿತು. 1910ರಲ್ಲಿ ಲಕ್ಷ್ಮಣರಾಯರು ಅಲ್ಲಿಗೆ ಹೋದದ್ದು ಕಾರ್ಖಾನೆಯನ್ನಷ್ಟೇ ಕಟ್ಟಲು ಅಲ್ಲ. ಇಂಗ್ಲೆಂಡಿನಲ್ಲಿ ಲೀವರ್ ಕಟ್ಟಿದ ಪೋರ್ಟ್ ಸನ್‌ಲೈಟ್‌ನಂತೆ, ದುಡಿಯುವವರು ನೆಮ್ಮದಿಯಿಂದ ಬಾಳುವ ಊರನ್ನೇ ಕಟ್ಟುವುದು ಅವರ ಕನಸಾಗಿತ್ತು. ಇಂದು ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯಲ್ಲಿರುವ ಕಿರ್ಲೋಸ್ಕರವಾಡಿ ಹುಟ್ಟಿದ್ದು ಹೀಗೆ.

ಆ ಊರನ್ನು ಕಟ್ಟಿದವರ ಪಟ್ಟಿ ಗಮನಾರ್ಹ. ವಸತಿ, ನೀರು, ಊರಿನ ಆಡಳಿತ ರಾಮುಅಣ್ಣನ ಹೊಣೆ. ಲೆಕ್ಕಪತ್ರ ಮಂಗೇಶರಾವ್ ರೇಗೆ ಅವರದು. ಶಂಭುರಾವ್ ಜಾಂಭೇಕರ್ ಕೆಲಸ ಮಾಡುತ್ತಲೇ ಕಲಿತು ಎಂಜಿನಿಯರ್ ಆದವರು. ಅನಂತರಾವ್ ಫಳ್ಣೀಕರ್ ಶಾಲೆಯನ್ನು ಅರ್ಧಕ್ಕೆ ಬಿಟ್ಟಿದ್ದರೂ ಹೊಸ ಉಪಕರಣಗಳನ್ನು ರೂಪಿಸುವುದರಲ್ಲಿ ನಿಪುಣರಾದರು. ರಾತ್ರಿ ಊರು ಕಾಯುವ ಕೆಲಸವನ್ನು ಹಿಂದೆ ಸೆರೆವಾಸ ಅನುಭವಿಸಿದ್ದ ತುಕಾರಾಮ ರಾಮೋಶಿ ಮತ್ತು ಪಿರ್ಯಾ ಮಾಂಗ್ ಅವರಿಗೆ ಒಪ್ಪಿಸಲಾಯಿತು. ಸಮಾಜ ಕಳ್ಳರೆಂದು ದೂರವಿಟ್ಟವರ ಕೈಗೆ ಕಾವಲನ್ನೇ ಕೊಟ್ಟದ್ದು ಬಾಯಿಮಾತಿನ ಔದಾರ್ಯವಾಗಿರಲಿಲ್ಲ. ನಂಬಿಕೆ ಸುಳ್ಳಾಗಿದ್ದರೆ ನಷ್ಟ ಮಾಲೀಕರದೇ ಆಗುತ್ತಿತ್ತು. ಅದು ಸುಳ್ಳಾಗಲಿಲ್ಲ, ಇಬ್ಬರೂ ನೆಚ್ಚಿನ ಕಾವಲುಗಾರರೆಂದೇ ಹೆಸರು ಉಳಿಸಿಕೊಂಡರು. ಕಾರ್ಖಾನೆಯ ಊರಿನಲ್ಲಿ ಅಸ್ಪೃಶ್ಯತೆಗೂ ಅವರು ಎಡೆ ಕೊಡಲಿಲ್ಲ.

ಪದವಿಪತ್ರ, ಜಾತಿ, ಹಿಂದಿನ ಬದುಕು ಯಾವುದನ್ನೂ ಅಳತೆಗೋಲು ಮಾಡದೆ, ಯಾರ ಕೈಯಲ್ಲಿ ಯಾವ ಕೆಲಸ ಚೆನ್ನಾಗಿ ಆಗುತ್ತದೆ ಎಂಬುದನ್ನು ಗುರುತಿಸಿ ಆ ಕೆಲಸವನ್ನು ಪೂರ್ತಿಯಾಗಿ ಅವರಿಗೇ ಬಿಟ್ಟುಕೊಡುವುದು ಲಕ್ಷ್ಮಣರಾಯರ ವಿಧಾನ. 1920ರಲ್ಲಿ ಕಿರ್ಲೋಸ್ಕರ್ ಬ್ರದರ್ಸ್ ಲಿಮಿಟೆಡ್ ಕಂಪನಿಯಾಯಿತು. ಅದೇ ವರ್ಷ ಸಂಸ್ಥೆಯ ಸುದ್ದಿಪತ್ರಿಕೆ 'ಕಿರ್ಲೋಸ್ಕರ್ ಖಬರ್' ಹೊರಬಂತು. ಅಣ್ಣನ ಮಗ ಶಂಕರರಾವ್ ಸಂಪಾದಕತ್ವದ ಆ ಪತ್ರಿಕೆ ಮುಂದೆ ಮರಾಠಿಯ ಪ್ರಸಿದ್ಧ ಮಾಸಪತ್ರಿಕೆಯಾಗಿ ಬೆಳೆಯಿತು. ಮಗ ಶಂತನುರಾವ್ ಅಮೆರಿಕದಲ್ಲಿ ಎಂಜಿನಿಯರಿಂಗ್ ಓದಿ 1926ರಲ್ಲಿ ಮರಳಿದ ಬಳಿಕ ಪಂಪು, ಎಂಜಿನ್‌ಗಳ ತಯಾರಿಕೆ ವಿಸ್ತರಿಸಿತು.

ನಂಬಿಕೆಯ ಮಿತಿ

ಹರಿಹರದಲ್ಲಿ ಕಾರ್ಖಾನೆ ತಲೆಯೆತ್ತಿದಾಗ ಲಕ್ಷ್ಮಣರಾಯರಿಗೆ ಎಪ್ಪತ್ತು ದಾಟಿತ್ತು. ಮೈಸೂರು ಸಂಸ್ಥಾನದ ಗಡಿಯ ಊರು, ಪುಣೆ-ಬೆಂಗಳೂರು ರೈಲುಮಾರ್ಗ, ಪಕ್ಕದಲ್ಲೇ ನದಿ. ಉದ್ಯಮಕ್ಕೆ ಬೇಕಾದದ್ದು ಇಲ್ಲಿತ್ತು. ಹತ್ತಿರದ ದಾವಣಗೆರೆ ಹತ್ತಿ ಗಿರಣಿಗಳ ನಗರವಾಗಿ ಬೆಳೆಯುತ್ತಿದ್ದರೆ ಹರಿಹರ ಯಂತ್ರಗಳ ಊರಾಯಿತು. ಕಿರ್ಲೋಸ್ಕರವಾಡಿಯ ಮಾದರಿಯಲ್ಲೇ ಇಲ್ಲಿಯೂ ಕಾರ್ಖಾನೆಯ ಜೊತೆಗೆ ವಸತಿ ಬಡಾವಣೆ ಬಂತು.

ಇಳಿವಯಸ್ಸಿನಲ್ಲಿ ಅವರಿಗೆ ದೊಡ್ಡ ಪೆಟ್ಟು ಕಾದಿತ್ತು. 1948ರಲ್ಲಿ ಗಾಂಧೀಜಿ ಹತ್ಯೆಯ ನಂತರ ಭುಗಿಲೆದ್ದ ಗಲಭೆಯಲ್ಲಿ ಕಿರ್ಲೋಸ್ಕರವಾಡಿಯ ಕಾರ್ಖಾನೆ ಬೆಂಕಿಗೆ ತುತ್ತಾಯಿತು. ಅದನ್ನು ಮತ್ತೆ ಕಟ್ಟಲಾಯಿತು. 1956ರ ಸೆಪ್ಟೆಂಬರ್ 26ರಂದು ಲಕ್ಷ್ಮಣರಾಯರು ನಿಧನರಾದರು. ಜನ್ಮಶತಮಾನೋತ್ಸವದ ವರ್ಷವಾದ 1969ರಲ್ಲಿ ಭಾರತೀಯ ಅಂಚೆ ಇಲಾಖೆ ಅವರ ಸ್ಮರಣಾರ್ಥ ಅಂಚೆಚೀಟಿ ಹೊರತಂದಿತು.

ಹರಿಹರದ ಕಾರ್ಖಾನೆ ಮಾತ್ರ ಹೊಸ ಶತಮಾನದ ಆರಂಭದ ವರ್ಷಗಳಲ್ಲಿ ಬಾಗಿಲು ಮುಚ್ಚಿತು. ಕೆಲಸ, ಮನೆ, ಶಾಲೆ ಎಲ್ಲವೂ ಒಂದೇ ಕಾರ್ಖಾನೆಯನ್ನು ನೆಚ್ಚಿಕೊಂಡಿದ್ದರೆ, ಆ ಕಾರ್ಖಾನೆ ಮುಳುಗಿದಾಗ ಎಲ್ಲವೂ ಒಟ್ಟಿಗೇ ಅಲುಗುತ್ತವೆ. ಲಕ್ಷ್ಮಣರಾಯರ ಮಾದರಿಯ ದೊಡ್ಡ ಬಲವೇ ಅದರ ದೊಡ್ಡ ದೌರ್ಬಲ್ಯವೂ ಹೌದು. ಒಳ್ಳೆಯ ಯಜಮಾನ ಇರುವವರೆಗೆ ನೆರಳು. ನಂತರ ಕೆಲಸಗಾರನನ್ನು ಕಾಯುವುದು ಕಾನೂನು, ಸಂಘ ಮತ್ತು ಅವನ ಕೈಯಲ್ಲಿರುವ ವಿದ್ಯೆ.

ಈ ಮೂರನೆಯದನ್ನಾದರೂ ಅವರು ಧಾರಾಳವಾಗಿ ಕೊಟ್ಟರು. ಹಲವೆಡೆ ಇಂದು ತಂಡದ ಸಾಮರಸ್ಯಕ್ಕೆಂದು ಒಂದು ದಿನದ ಶಿಬಿರ ನಡೆಸಿ, ಮರುದಿನ ಕೆಳಗಿನವರ ಪ್ರತಿ ಹೆಜ್ಜೆಯನ್ನೂ ಶಂಕಿಸುವ ಮೇಲಧಿಕಾರಿಗಳಿದ್ದಾರೆ. ಅವರಿಗೆ ಶಾಲೆ ಬಿಟ್ಟ ಹುಡುಗನ ಕೈಗೆ ಯಂತ್ರವನ್ನೂ, ಸೆರೆಯಿಂದ ಬಂದವನ ಕೈಗೆ ಕಾವಲನ್ನೂ ಕೊಟ್ಟ ಈ ಮನುಷ್ಯನ ಬದುಕು ಉಪಯುಕ್ತ ಪಾಠ. ನಂಬಿಕೆಯನ್ನು ಮೊದಲು ತೋರಿಸಬೇಕಾದವನು ಮೇಲಿರುವವನು.