ಎರಡು ಒಡಲಿನ ಹಾಯಿದೋಣಿಯ ಹರಿಕಾರ ಹೆರೆಶಾಫ್

ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟುವ ಉತ್ತರ ಪಿನಾಕಿನಿ, ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದ ಪಕ್ಕದಲ್ಲಿ ಹಾದು ಆಂಧ್ರಪ್ರದೇಶಕ್ಕೆ ಇಳಿದು, ನೆಲ್ಲೂರು ಜಿಲ್ಲೆಯಲ್ಲಿ ಬಂಗಾಳ ಕೊಲ್ಲಿಯನ್ನು ಸೇರುತ್ತದೆ. ವಿದುರಾಶ್ವತ್ಥದ ಬಳಿ ಅದರ ಮರಳಿನಲ್ಲಿ ದೋಣಿಗೆ ಕೆಲಸವಿಲ್ಲ. ಆದರೆ ಅದು ಸಮುದ್ರ ಸೇರುವ ಕರಾವಳಿಯ ಬೆಸ್ತರು ಮಾತ್ರ ಶತಮಾನಗಳಿಂದ ಹಗುರವಾದ ಮರದ ದಿಮ್ಮಿಗಳನ್ನು ಹಗ್ಗದಿಂದ ಬಿಗಿದು ಅಲೆಗಳ ಮೇಲೆ ಸಾಗುತ್ತ ಬಂದವರು. ತಮಿಳಿನಲ್ಲಿ ಅದು ಕಟ್ಟುಮರಂ. ಕನ್ನಡಿಗರಿಗೂ ಅರ್ಥ ಬಿಡಿಸಿ ಹೇಳಬೇಕಿಲ್ಲ. ಕಟ್ಟಿದ ಮರವೇ ಕಟ್ಟುಮರ. ಕೋರಮಂಡಲ ತೀರದಲ್ಲಿ ಕಂಡ ಈ ತೆಪ್ಪವನ್ನು ಇಂಗ್ಲಿಷ್ ನಾವಿಕ ವಿಲಿಯಂ ಡ್ಯಾಂಪಿಯರ್ 1697ರಲ್ಲಿ ಪ್ರಕಟವಾದ ತನ್ನ ಪ್ರವಾಸ ಗ್ರಂಥದಲ್ಲಿ ವರ್ಣಿಸಿದ. ಪದವು ಕ್ಯಾಟಮರಾನ್ ಆಗಿ ಇಂಗ್ಲಿಷಿನಲ್ಲಿ ನೆಲೆಯೂರಿತು.

ಇಂದು ಕ್ಯಾಟಮರಾನ್ ಎಂದರೆ ದಿಮ್ಮಿಗಳ ತೆಪ್ಪವಲ್ಲ. ತೆಳುವಾದ ಎರಡು ಒಡಲುಗಳನ್ನು ಅಕ್ಕಪಕ್ಕದಲ್ಲಿಟ್ಟು, ನಡುವೆ ಅಟ್ಟಣೆಯಿಂದ ಬೆಸೆದ ನೌಕೆ. ಇಂತಹ ರಚನೆಯ ತವರು ತಮಿಳು ಕರಾವಳಿಯಲ್ಲ, ಪೆಸಿಫಿಕ್ ಸಾಗರದ ದ್ವೀಪಗಳು. ಅಲ್ಲಿನ ವಿದ್ಯೆಗೆ ಇಲ್ಲಿನ ಹೆಸರು ಅಂಟಿಕೊಂಡದ್ದು ಭಾಷೆಯ ಚೋದ್ಯಗಳಲ್ಲೊಂದು. ಆ ಹೆಸರನ್ನು ಹೊತ್ತ ಹಗುರ ಮರದ ದೋಣಿಯೊಂದನ್ನು 1876ರಲ್ಲಿ ನ್ಯೂಯಾರ್ಕಿನ ಪಂದ್ಯಕ್ಕಿಳಿಸಿ ಗೆದ್ದವರು, ಗೆದ್ದ ತಪ್ಪಿಗೆ ಅನರ್ಹಗೊಂಡವರು ನಥಾನಿಯಲ್ ಗ್ರೀನ್ ಹೆರೆಶಾಫ್. ಅಮೆರಿಕದ ನೌಕಾ ವಿನ್ಯಾಸದ ಇತಿಹಾಸದಲ್ಲಿ ಬ್ರಿಸ್ಟಲ್‌ನ ಮಾಂತ್ರಿಕ ಎಂಬುದು ಅವರ ಬಿರುದು.

ಅಮೆರಿಕದ ಅತಿ ಚಿಕ್ಕ ರಾಜ್ಯವಾದ ರೋಡ್ ಐಲೆಂಡ್‌ನ ಬ್ರಿಸ್ಟಲ್‌ನಲ್ಲಿ 1848ರ ಮಾರ್ಚ್ 18ರಂದು ಹೆರೆಶಾಫ್ ಜನಿಸಿದರು. ತಂದೆ ಚಾರ್ಲ್ಸ್ ಫ್ರೆಡರಿಕ್ ಅವರಿಗೆ ಸಮುದ್ರದಂಚಿನಲ್ಲಿ ಜಮೀನಿತ್ತು. ಬೇಸಾಯಕ್ಕಿಂತ ದೋಣಿಯ ಹುಚ್ಚೇ ಹೆಚ್ಚು. ಒಂಬತ್ತು ಮಕ್ಕಳ ತುಂಬು ಸಂಸಾರ. ನಥಾನಿಯಲ್‌ಗಿಂತ ಏಳು ವರ್ಷ ಹಿರಿಯನಾದ ಅಣ್ಣ ಜಾನ್ ಬ್ರೌನ್ ಹದಿಹರೆಯದಲ್ಲಿಯೇ ಕಣ್ಣಿನ ದೃಷ್ಟಿಯನ್ನು ಸಂಪೂರ್ಣವಾಗಿ ಕಳೆದುಕೊಂಡ. ಅದರೂ ದೋಣಿ ಕಟ್ಟುವ ಛಲವನ್ನು ಬಿಡಲಿಲ್ಲ. ಆಗ ಆತನಿಗೆ ಕಣ್ಣಾದವನು ತಮ್ಮ ನಥಾನಿಯಲ್.

ಅಂದಿನ ಕಾಲದಲ್ಲಿ ದೋಣಿಯ ಆಕಾರವನ್ನು ಮೊದಲು ಕಾಗದದ ಮೇಲೆ ಬರೆಯುತ್ತಿರಲಿಲ್ಲ. ಮರದ ತುಂಡಿನಲ್ಲಿ ದೋಣಿಯ ಅರ್ಧ ಭಾಗದ ಪುಟ್ಟ ಮಾದರಿಯನ್ನು ಕೆತ್ತಿ, ಅದರ ಅಳತೆಗಳನ್ನು ಹಿಗ್ಗಿಸಿ ನಿಜವಾದ ದೋಣಿ ಕಟ್ಟುತ್ತಿದ್ದರು. ಜಾನ್ ಮಾದರಿಯ ಮೇಲೆ ಬೆರಳಾಡಿಸಿ ಬಾಗುವಿಕೆಯ ಲೋಪಗಳನ್ನು ಗುರುತಿಸುತ್ತಿದ್ದ. ಬಾಲಕ ನಥಾನಿಯಲ್ ಅಳತೆ ತೆಗೆದು ಲೆಕ್ಕ ಹಾಕುತ್ತಿದ್ದ. 1860ರಲ್ಲಿ ಈ ಮನೆಯವರೆಲ್ಲ ಸೇರಿ ಕಟ್ಟಿದ ಸ್ಪ್ರೈಟ್ ಎಂಬ 20 ಅಡಿಯ ಹಾಯಿದೋಣಿ ಇಂದಿಗೂ ಉಳಿದಿದೆ. ಆಗ ನಥಾನಿಯಲ್‌ಗೆ ಹನ್ನೆರಡು ವರ್ಷ. ಚಾಕುವಿನಿಂದ ಮರ ಕೆತ್ತಿ ಆಕಾರ ಕಾಣುವ ಆ ಪದ್ಧತಿಯನ್ನು ಅವರು ಜೀವನದ ಕೊನೆಯವರೆಗೂ ಬಿಡಲಿಲ್ಲ ಎಂಬುದು ಗಮನಾರ್ಹ.

1866ರಲ್ಲಿ ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆ ಸೇರಿ ಯಂತ್ರಶಾಸ್ತ್ರ ಕಲಿತ ಅವರು, 1869ರಲ್ಲಿ ಪ್ರಾವಿಡೆನ್ಸ್ ನಗರದ ಕಾರ್ಲಿಸ್ ಸ್ಟೀಮ್ ಎಂಜಿನ್ ಕಂಪನಿಯಲ್ಲಿ ಉದ್ಯೋಗಕ್ಕೆ ನಿಂತರು. 1876ರಲ್ಲಿ ಅಮೆರಿಕದ ಸ್ವಾತಂತ್ರ್ಯದ ಶತಮಾನೋತ್ಸವಕ್ಕಾಗಿ ಫಿಲಡೆಲ್ಫಿಯಾದಲ್ಲಿ ನಡೆದ ಮಹಾ ವಸ್ತುಪ್ರದರ್ಶನದ ಯಂತ್ರಗಳಿಗೆಲ್ಲ ಶಕ್ತಿ ಊಡಿದ್ದು ಕಾರ್ಲಿಸ್ ಕಂಪನಿಯ ಭಾರಿ ಉಗಿಯಂತ್ರ. ಸುಮಾರು 40 ಅಡಿ ಎತ್ತರ, 1400 ಅಶ್ವಶಕ್ತಿ. ಅದರ ಉಸ್ತುವಾರಿಯಲ್ಲಿ ಹೆರೆಶಾಫ್ ಕೂಡ ಇದ್ದರು. ಹಗಲೆಲ್ಲ ಕಬ್ಬಿಣದ ಈ ದೈತ್ಯನ ಸಹವಾಸ. ಮನಸ್ಸಿನ ತುಂಬ ಮಾತ್ರ ಆದಷ್ಟು ಕಡಿಮೆ ತೂಕದ ಮರದ ದೋಣಿಯ ಚಿಂತೆ.

ಆ ಚಿಂತೆಯ ಮೂಲ ಸರಳವಾದುದು. ಗಾಳಿ ಹಾಯಿಯನ್ನು ತಳ್ಳಿದಾಗ ದೋಣಿ ಒಂದು ಪಕ್ಕಕ್ಕೆ ವಾಲುತ್ತದೆ. ವಾಲದಂತೆ ತಡೆಯಲು ಅಂದಿನವರು ಕಂಡುಕೊಂಡ ಮಾರ್ಗಗಳು ಎರಡು: ದೋಣಿಯನ್ನು ಅಗಲ ಮಾಡುವುದು ಅಥವಾ ತಳದಲ್ಲಿ ಭಾರ ಹೇರುವುದು. ನ್ಯೂಯಾರ್ಕಿನ ಪಂದ್ಯದ ದೋಣಿಗಳಲ್ಲಿ ಮರಳಿನ ಚೀಲಗಳನ್ನೇ ತುಂಬಿಸಿಕೊಂಡು, ಗಾಳಿಯ ದಿಕ್ಕಿಗೆ ತಕ್ಕಂತೆ ಅತ್ತಿಂದಿತ್ತ ಹೊತ್ತುಹಾಕಲು ಆಳುಗಳ ದಂಡನ್ನು ಕರೆದೊಯ್ಯುತ್ತಿದ್ದರು. ಅಗಲವಾದರೆ ನೀರಿನ ತಡೆ ಹೆಚ್ಚು, ಭಾರವಾದರೆ ತಳ್ಳಬೇಕಾದ ನೀರು ಹೆಚ್ಚು. ಎರಡೂ ವೇಗಕ್ಕೆ ಶತ್ರು. ಇದಕ್ಕೆ ಬದಲಾಗಿ ಕತ್ತಿಯಲಗಿನಂತಹ ಎರಡು ಕಿರಿದಾದ ಒಡಲುಗಳನ್ನು ದೂರ ದೂರ ಇಟ್ಟು ಬೆಸೆದರೆ? ಭಾರವಿಲ್ಲದೆಯೇ ಸ್ಥಿರತೆ ದೊರೆಯುತ್ತದೆ. ಪ್ರತಿ ಒಡಲೂ ನೀರನ್ನು ಸೀಳಿಕೊಂಡು ಹೋಗುತ್ತದೆ. ತುಂಗಭದ್ರೆಯ ಹರಿಗೋಲು ಬಿದಿರು ಮತ್ತು ತೊಗಲಿನಿಂದಾಗಿ ಹಗುರ, ಆದರೆ ಬುಟ್ಟಿಯಂತೆ ಸುತ್ತುತ್ತದೆ. ಹೆರೆಶಾಫ್‌ಗೆ ಬೇಕಿದ್ದುದು ಅಂತಹ ಹಗುರತೆಯೊಂದಿಗೆ ಬಾಣದ ನೇರ.

ಈ ಯೋಚನೆ ಯೂರೋಪಿನವರಿಗೆ ತೀರ ಹೊಸತೇನಾಗಿರಲಿಲ್ಲ. 1660ರ ದಶಕದಲ್ಲಿಯೇ ಸರ್ ವಿಲಿಯಂ ಪೆಟ್ಟಿ ಐರ್ಲೆಂಡಿನಲ್ಲಿ ಜೋಡಿ ಒಡಲಿನ ನೌಕೆಗಳನ್ನು ಕಟ್ಟಿಸಿದ್ದ. ಅವುಗಳಲ್ಲೊಂದು ಸಮುದ್ರದ ಪಾಲಾಯಿತು. ಜೋಡಿ ಒಡಲಿನ ಸಮಸ್ಯೆ ಬೆಸುಗೆಯಲ್ಲಿದೆ. ಅಲೆಗಳು ಎರಡೂ ಒಡಲನ್ನು ಒಂದೇ ಕ್ಷಣದಲ್ಲಿ ಎತ್ತುವುದಿಲ್ಲ. ಒಂದು ಏರುವಾಗ ಇನ್ನೊಂದು ಇಳಿದಿರುತ್ತದೆ, ನಡುವಿನ ತೊಲೆಗಳು ತಿರುಚಿಕೊಂಡು ಮುರಿಯುತ್ತವೆ. ಮುರಿಯದಂತೆ ದಪ್ಪ ಮಾಡಿದರೆ ಹಗುರತೆಯ ಗುಣವೇ ಹೋಯಿತು. ಹೆರೆಶಾಫ್ ಇಲ್ಲಿ ಯಂತ್ರಶಾಸ್ತ್ರಜ್ಞನ ಬುದ್ಧಿ ಓಡಿಸಿದರು. ನಮ್ಮ ತೋಳು ಭುಜದೊಳಗೆ ತಿರುಗುವಂತಹ ಗುಂಡು ಕೀಲುಗಳ ಮೂಲಕ ಒಡಲುಗಳನ್ನು ತೊಲೆಗಳಿಗೆ ಜೋಡಿಸಿದರು. ಹೀಗಾಗಿ ಎರಡೂ ಒಡಲುಗಳು ತಮ್ಮ ತಮ್ಮ ಅಲೆಗೆ ತಕ್ಕಂತೆ ಮೂತಿ ಎತ್ತಿ ಇಳಿಸಬಹುದಿತ್ತು. ಸವಾರರು ಕೂರುವ ಅಟ್ಟಣೆ, ಹಾಯಿಕಂಬ ಇವೆಲ್ಲ ನಡುವೆ. ಈ ದೋಣಿಗೆ ಅಮರಿಲಿಸ್ ಎಂದು ಹೆಸರಿಟ್ಟರು. ಉದ್ದ ಸುಮಾರು 25 ಅಡಿ.

1876ರ ಜೂನ್ ತಿಂಗಳಲ್ಲಿ ನ್ಯೂಯಾರ್ಕಿನಲ್ಲಿ ನಡೆದ ಶತಮಾನೋತ್ಸವ ದೋಣಿ ಪಂದ್ಯಕ್ಕೆ ಅಮರಿಲಿಸ್ ಬಂದಿತು. ಆರಂಭದಲ್ಲಿ ಗಾಳಿ ಮಂದವಾಗಿದ್ದಾಗ ಅದರ ಮೇಲೆ ಯಾರಿಗೂ ಗಮನವಿರಲಿಲ್ಲ. ಗಾಳಿ ಬಲವಾದಂತೆ ಅದು ಮರಳು ಚೀಲದ ದೋಣಿಗಳನ್ನು ಒಂದೊಂದಾಗಿ ಹಿಂದಿಕ್ಕಿ ಗುರಿ ಮುಟ್ಟಿತು. ಸೋತವರು ಸುಮ್ಮನಿರಲಿಲ್ಲ. ಇದು ದೋಣಿಯೇ ಅಲ್ಲ ಎಂಬುದು ಅವರ ತಕರಾರು. ತಕರಾರು ಊರ್ಜಿತವಾಗಿ ಅಮರಿಲಿಸ್ ಅನರ್ಹಗೊಂಡಿತು. ಮುಂದೆ ವಿಹಾರ ನೌಕೆಗಳ ಸಾಮಾನ್ಯ ಪಂದ್ಯಗಳಲ್ಲಿ ಇಂತಹ ದೋಣಿಗಳಿಗೆ ಪ್ರವೇಶವಿಲ್ಲದಂತಾಯಿತು. ಪಂದ್ಯದ ನಿಯಮಗಳು ವೇಗವನ್ನು ಅಳೆಯಲೆಂದೇ ಇರುವಂಥವು. ಆದರೆ ಹಣ ಸುರಿದು ದೋಣಿ ಕಟ್ಟಿಸಿದ ಧನಿಕರಿಗೆ ಎರಡು ಕಡ್ಡಿಗಳ ಮೇಲೆ ತೇಲುವ ಯಂತ್ರದ ಮುಂದೆ ಸೋಲುವುದು ಸಹ್ಯವಾಗಲಿಲ್ಲ ಎಂದೇ ತೋರುತ್ತದೆ.

ಹೆರೆಶಾಫ್ 1877ರ ಏಪ್ರಿಲ್ 10ರಂದು ತಮ್ಮ ರಚನೆಗೆ ಅಮೆರಿಕದ ಪೇಟೆಂಟ್ ಪಡೆದರು. ಟ್ಯಾರಂಟೆಲ್ಲಾ ಮೊದಲಾದ ಕೆಲವು ಜೋಡಿ ದೋಣಿಗಳನ್ನು ಕಟ್ಟಿದರು. ಆದರೆ ಪಂದ್ಯವಿಲ್ಲದ ಮೇಲೆ ಕೊಳ್ಳುವವರೂ ಇರಲಿಲ್ಲ. ಆ ದಾರಿ ಅಲ್ಲಿಗೆ ಮುಚ್ಚಿತು. 29ನೇ ವಯಸ್ಸಿನಲ್ಲಿ ತಮ್ಮ ಅತ್ಯಂತ ಸ್ವಂತದ್ದಾದ ಕಲ್ಪನೆಯನ್ನು ಬದಿಗಿಟ್ಟು, ಊರಿಗೆ ಮರಳಿ, 1878ರಲ್ಲಿ ಅಂಧ ಅಣ್ಣನೊಂದಿಗೆ ಪಾಲುದಾರರಾಗಿ ಹೆರೆಶಾಫ್ ಮ್ಯಾನುಫ್ಯಾಕ್ಚರಿಂಗ್ ಕಂಪನಿಯನ್ನು ಆರಂಭಿಸಿದರು. ಜಾನ್‌ಗೆ ವ್ಯವಹಾರ, ದರ ನಿಗದಿ, ಗಿರಾಕಿಗಳ ಮಾತುಕತೆ ಎಲ್ಲವೂ ಆತನ ನೆನಪಿನಲ್ಲೇ. ನಥಾನಿಯಲ್‌ಗೆ ವಿನ್ಯಾಸ ಮತ್ತು ಕಾರ್ಖಾನೆ.

ಮೊದಲ ಹತ್ತು ವರ್ಷ ಉಗಿದೋಣಿಗಳದೇ ಕೆಲಸ. ಅಮೆರಿಕ ನೌಕಾಪಡೆಗೆ ಅವರು ಕಟ್ಟಿದ ಕುಷಿಂಗ್ ಎಂಬ ಟಾರ್ಪಿಡೊ ದೋಣಿ 1890ರಲ್ಲಿ ಸೇವೆಗೆ ಸೇರಿತು. ಆದರೆ ಅದಕ್ಕೂ ಮುನ್ನ, 1888ರಲ್ಲಿ, ಅವರ ಬದುಕನ್ನೇ ತಿರುಗಿಸಿದ ದುರಂತ ನಡೆಯಿತು. ಸೇ ವೆನ್ ಎಂಬ 138 ಅಡಿಯ ಉಗಿನೌಕೆಯ ವೇಗದ ಪರೀಕ್ಷೆ ಹೆರೆಶಾಫ್ ಅವರ ಉಸ್ತುವಾರಿಯಲ್ಲಿಯೇ ನಡೆದಿತ್ತು. ಒತ್ತಡ ಮಿತಿಮೀರಿ ಸುರಕ್ಷತಾ ಕವಾಟ ತೆರೆದುಕೊಂಡಿತು. ವಾಗ್ದಾನ ಮಾಡಿದ ವೇಗವನ್ನು ಮುಟ್ಟಲೇಬೇಕೆಂಬ ಹಟದಲ್ಲಿ ಅವರು ಕವಾಟವನ್ನು ಮುಚ್ಚಿದರು. ಬಾಯ್ಲರ್ ಸಿಡಿಯಿತು. ಸಿಬ್ಬಂದಿಯೊಬ್ಬ ಗಾಯಗಳಿಂದ ಮೃತಪಟ್ಟ. ಹೆರೆಶಾಫ್ ಅವರ ಉಗಿಯಂತ್ರ ಪರವಾನಗಿ ರದ್ದಾಯಿತು. ಅವರ ಕೀರ್ತಿಗಾಥೆಗಳನ್ನು ಬರೆಯುವವರು ಈ ಪ್ರಕರಣವನ್ನು ಒಂದು ಸಾಲಿನಲ್ಲಿ ದಾಟಿಬಿಡುವುದುಂಟು. ಆದರೆ ಒಬ್ಬ ಕಾರ್ಮಿಕನ ಸಾವು ಅವರ ಲೆಕ್ಕದಲ್ಲಿದೆ. ಅನಂತರ ಅವರ ಗಮನ ಹಾಯಿಯ ಕಡೆಗೆ ತಿರುಗಿತು ಎಂಬುದೂ ನಿಜ.

1891ರಲ್ಲಿ ಕಟ್ಟಿದ ಗ್ಲೋರಿಯಾನಾ ಅವರನ್ನು ದೇಶದ ಮುಂಚೂಣಿಗೆ ತಂದಿತು. ಆಗ ಅವರ ಕಾರ್ಖಾನೆಯಲ್ಲಿ ಹಗುರತೆಯೇ ಶಾಸ್ತ್ರವಾಗಿತ್ತು. ದೋಣಿಯನ್ನು ತಲೆಕೆಳಗಾಗಿ ಕಟ್ಟುವುದು ಅಲ್ಲಿನ ಪದ್ಧತಿ. ಪ್ರತಿಯೊಂದು ಪಕ್ಕೆಮರಕ್ಕೂ ಪ್ರತ್ಯೇಕ ಅಚ್ಚು. ಆವಿಯಲ್ಲಿ ಬೇಯಿಸಿ ಮೆತ್ತಗಾದ ಮರವನ್ನು ಅಚ್ಚಿನ ಮೇಲೆ ಬಗ್ಗಿಸುತ್ತಿದ್ದರು. ದೊಡ್ಡ ತೊಲೆಗಳನ್ನು ಕೊಡಲಿಯಿಂದ ಕೆತ್ತುವ ಬದಲು ತೆಳುವಾದ ಅನೇಕ ಪಕ್ಕೆಗಳು. ಅವುಗಳ ಮೇಲೆ ಎರಡು ಪದರ ತೆಳು ಹಲಗೆ. ಒಳಪದರದ ಸಂದಿನ ಮೇಲೆ ಹೊರಪದರದ ಹಲಗೆ ಕೂರುವಂತೆ ಜೋಡಣೆ. ಕಡಿಮೆ ಮರದಲ್ಲಿ ಹೆಚ್ಚು ಬಲ. ದೊಡ್ಡ ನೌಕೆಗಳಲ್ಲಿ ಉಕ್ಕಿನ ಪಕ್ಕೆಗೆ ಮರದ ಹಲಗೆ ಹೊದಿಸುವ ಮಿಶ್ರ ರಚನೆಯೂ ಉಂಟು.

1893ರಿಂದ 1920ರವರೆಗೆ ಅಮೆರಿಕಾ ಕಪ್ ಪಂದ್ಯವನ್ನು ಅಮೆರಿಕದವರು ಉಳಿಸಿಕೊಂಡದ್ದು ಹೆರೆಶಾಫ್ ನೌಕೆಗಳಿಂದಲೇ. ವಿಜಿಲೆಂಟ್, ಡಿಫೆಂಡರ್, ಕೊಲಂಬಿಯಾ (ಎರಡು ಬಾರಿ), ರಿಲಯನ್ಸ್, ರೆಸಲ್ಯೂಟ್ ಹೀಗೆ ಐದು ನೌಕೆಗಳಿಂದ ಆರು ಗೆಲುವು. ವಿಜಿಲೆಂಟ್‌ನ ಚುಕ್ಕಾಣಿ ಹಿಡಿದವರೂ ಅವರೇ. 1899ರಿಂದ ಎದುರಾಳಿಯಾಗಿ ಬಂದವನು ನಮಗೆಲ್ಲ ಪರಿಚಿತವಾದ ಹೆಸರಿನವನು: ಸಿಲೋನಿನ ಚಹಾ ಮಾರಿ ಶ್ರೀಮಂತನಾದ ಸರ್ ಥಾಮಸ್ ಲಿಪ್ಟನ್. ಆತನ ಶಾಮ್‌ರಾಕ್ ಹೆಸರಿನ ನಾಲ್ಕು ನೌಕೆಗಳನ್ನು ಹೆರೆಶಾಫ್ ನೌಕೆಗಳು ಸೋಲಿಸಿದವು. ಚಹಾದ ಪ್ರಚಾರಕ್ಕೆ ಸೋಲಿನಿಂದ ನಷ್ಟವೇನೂ ಆಗಲಿಲ್ಲ.

ಹಗುರತೆಯ ಹಟ ಸದಾ ಫಲಿಸಿತು ಎನ್ನುವಂತಿಲ್ಲ. 1895ರ ಡಿಫೆಂಡರ್‌ನ ತಳಕ್ಕೆ ಕಂಚು, ಮೇಲ್ಭಾಗಕ್ಕೆ ಅಲ್ಯೂಮಿನಿಯಂ ಬಳಸಿದರು. ಉಪ್ಪುನೀರಿನಲ್ಲಿ ಈ ಲೋಹಗಳು ಒಂದಕ್ಕೊಂದು ತಾಗಿದಾಗ ಬ್ಯಾಟರಿಯಂತೆ ವರ್ತಿಸಿ ಅಲ್ಯೂಮಿನಿಯಂ ತಿಂದುಹೋಯಿತು. ಕೆಲವೇ ವರ್ಷಗಳಲ್ಲಿ ನೌಕೆಯನ್ನು ಒಡೆಯಬೇಕಾಯಿತು. 1903ರ ರಿಲಯನ್ಸ್ ತುದಿಯಿಂದ ತುದಿಗೆ 201 ಅಡಿ. ಹಾಯಿಯ ವಿಸ್ತೀರ್ಣ 16,160 ಚದರ ಅಡಿ, ಅಂದರೆ ಬೆಂಗಳೂರಿನ 40×60 ಅಡಿಯ ಆರು ನಿವೇಶನಗಳಿಗೂ ಮಿಗಿಲು. ಅದನ್ನು 1913ರಲ್ಲಿ ಗುಜರಿಗೆ ಒಡೆದರು. ಇಂತಹ ಅತಿರೇಕಗಳಿಗೆ ಕಡಿವಾಣ ಹಾಕಲು ಹೊಸ ಅಳತೆಯ ನಿಯಮವನ್ನು ರೂಪಿಸಿದವರೂ ಹೆರೆಶಾಫ್ ಅವರೇ.

ಈ ದೈತ್ಯ ನೌಕೆಗಳಿಗಿಂತ ಬಾಳಿಕೆ ಬಂದದ್ದು 1914ರಲ್ಲಿ ಮಕ್ಕಳಿಗೆ ಹಾಯಿ ಕಲಿಸಲೆಂದು ಅವರು ರೂಪಿಸಿದ ಪುಟ್ಟ ಮರದ ದೋಣಿ. ನೀರಿನ ಮಟ್ಟದಲ್ಲಿ ಹನ್ನೆರಡೂವರೆ ಅಡಿ ಉದ್ದವಿರುವುದರಿಂದ ಅದಕ್ಕೆ ಅದೇ ಹೆಸರು. ನೂರಾರು ಸಂಖ್ಯೆಯಲ್ಲಿ ತಯಾರಾದ ಅದು ಇಂದಿಗೂ ನೀರಿನಲ್ಲಿದೆ.

1915ರಲ್ಲಿ ಜಾನ್ ತೀರಿಕೊಂಡ. ವ್ಯವಹಾರ ನೋಡುವವರಿಲ್ಲದೆ ಕಂಪನಿ ಕೈತಪ್ಪಿತು. 1924ರಲ್ಲಿ ಹರಾಜಾಗಿ ಬೇರೆಯವರ ಪಾಲಾಯಿತು. ಮಾತು ಕಡಿಮೆ, ಶಿಸ್ತು ಹೆಚ್ಚು ಎಂದು ಹೆಸರಾಗಿದ್ದ ನಥಾನಿಯಲ್ ಬ್ರಿಸ್ಟಲ್‌ನ ತೀರದ ಮನೆಯಲ್ಲೇ ಮಾದರಿ ಕೆತ್ತುತ್ತ ಕಾಲ ಕಳೆದರು. ಮಕ್ಕಳಾದ ಸಿಡ್ನಿ ಮತ್ತು ಎಲ್. ಫ್ರಾನ್ಸಿಸ್ ಇಬ್ಬರೂ ವಿನ್ಯಾಸಕಾರರಾದರು. 1933ರಲ್ಲಿ ಅಮರಿಲಿಸ್‌ನ ಹೆಸರಿನಲ್ಲಿಯೇ ಎರಡನೆಯ ಜೋಡಿ ದೋಣಿ ಸಿದ್ಧವಾದಾಗ ಅವರಿಗೆ 85 ವರ್ಷ. ವಿದುರಾಶ್ವತ್ಥದ ಧ್ವಜ ಸತ್ಯಾಗ್ರಹಿಗಳ ಮೇಲೆ ಗುಂಡು ಹಾರಿ ಐದು ವಾರಗಳು ಕಳೆದಿದ್ದ 1938ರ ಜೂನ್ 2ರಂದು ಹೆರೆಶಾಫ್ ನಿಧನರಾದರು.

ಜೋಡಿ ಒಡಲಿನ ದೋಣಿ ಮತ್ತೆ ಎದ್ದುದು ಎರಡನೇ ಮಹಾಯುದ್ಧದ ನಂತರ. 1947ರಲ್ಲಿ ಹವಾಯಿಯಲ್ಲಿ ಗ್ಲೈಡರ್ ಚಾಲಕ ವುಡಿ ಬ್ರೌನ್ ಮತ್ತು ಸಂಗಡಿಗರು ಹಗುರವಾದ ಪ್ಲೈವುಡ್‌ನಿಂದ ಮನು ಕೈ ಎಂಬ ಕ್ಯಾಟಮರಾನ್ ಕಟ್ಟಿದರು. 1950ರ ದಶಕದಲ್ಲಿ ಇಂಗ್ಲೆಂಡಿನ ಜೇಮ್ಸ್ ವಾರಮ್ ತಾವೇ ಕಟ್ಟಿದ ಮರದ ಜೋಡಿ ದೋಣಿಯಲ್ಲಿ ಅಟ್ಲಾಂಟಿಕ್ ದಾಟಿದರು. 1970ರ ಹೊತ್ತಿಗೆ ಮಿಷಿಗನ್‌ನ ಗೂಜನ್ ಸಹೋದರರು ತೆಳು ಮರದ ಪದರಗಳನ್ನು ಎಪಾಕ್ಸಿ ಅಂಟಿನಿಂದ ಬೆಸೆದು, ಮರದ ಮೈಗೆಲ್ಲ ಅದನ್ನೇ ಬಳಿದು ನೀರು ಹೀರದಂತೆ ಮಾಡುವ ವಿಧಾನವನ್ನು ಸಾಧಿಸಿ ತೋರಿಸಿದರು. ಹೆರೆಶಾಫ್ ಬಳಿ ಇಲ್ಲದಿದ್ದುದು ಈ ಅಂಟು. ತೊಲೆ ಮುರಿಯದಂತೆ ತಡೆಯಲು ಅವರು ಕೀಲುಗಳ ಮೊರೆ ಹೋಗಬೇಕಾಗಿತ್ತು. ಅಂಟಿನ ಬಲದಿಂದ ಇಡೀ ದೋಣಿ ಕೀಲಿಲ್ಲದ ಒಂದೇ ಗಟ್ಟಿ ಚೌಕಟ್ಟಾಯಿತು. ಮಲಗುವ ಕೋಣೆ, ಅಡುಗೆಮನೆಗಳೊಂದಿಗೆ ಸಂಸಾರ ಸಮೇತ ಸಾಗರ ಸುತ್ತುವ ಹಗುರ ಮರದ ಕ್ಯಾಟಮರಾನ್‌ಗಳು ಸಾಧ್ಯವಾದದ್ದು ಹೀಗೆ.

ಅಮೆರಿಕಾ ಕಪ್ ಪಂದ್ಯಕ್ಕೆ 1988ರಲ್ಲಿ ಸ್ಯಾನ್ ಡಿಯಾಗೊ ಕ್ಲಬ್ ಕ್ಯಾಟಮರಾನ್ ಒಂದನ್ನು ಇಳಿಸಿ ನ್ಯೂಜಿಲೆಂಡಿನ ಒಂಟಿ ಒಡಲಿನ ಬೃಹತ್ ನೌಕೆಯನ್ನು ಸೋಲಿಸಿತು. ಸೋತವರು ಈ ಬಾರಿಯೂ ತಕರಾರು ತೆಗೆದರು. ನ್ಯೂಯಾರ್ಕಿನ ನ್ಯಾಯಾಲಯ 1989ರಲ್ಲಿ ಮೊದಲು ನ್ಯೂಜಿಲೆಂಡಿನ ಪರವಾಗಿ ತೀರ್ಪಿತ್ತಿತು. ಮೇಲ್ಮನವಿಯಲ್ಲಿ ಅದು ತಿರುವುಮುರುವಾಯಿತು. 1990ರಲ್ಲಿ ರಾಜ್ಯದ ಅತ್ಯುನ್ನತ ನ್ಯಾಯಾಲಯ ಕ್ಯಾಟಮರಾನ್‌ನ ಗೆಲುವನ್ನು ಎತ್ತಿಹಿಡಿಯಿತು. 2013 ಮತ್ತು 2017ರಲ್ಲಿ ಕಪ್‌ಗಾಗಿ ಸ್ಪರ್ಧಿಸಿದ ನೌಕೆಗಳೆಲ್ಲವೂ ಜೋಡಿ ಒಡಲಿನವೇ ಆಗಿದ್ದವು.