ಲಾಳಗಾರನ ಮಗನಾದ ವೆಲ್ಪೋ ವೈದ್ಯನು

ಕಂಕುಳಲ್ಲಿಯೂ ತೊಡೆಯ ಸಂದಿನಲ್ಲಿಯೂ ಕುರುಗಳೆದ್ದು, ಒಡೆದು, ಮಾಯ್ದು, ತಿರುಗಿ ಅಲ್ಲಿಯೇ ಏಳುವ ಒಂದು ವ್ಯಾಧಿಯುಂಟು. ಅದನ್ನು ಅನುಭವಿಸುವವರು ನಾಚಿಕೆಯಿಂದ ಮನೆಯವರಿಗೂ ಹೇಳದೆ ವರುಷಗಟ್ಟಲೆ ಮುಚ್ಚಿಡುವರು. ಈ ಮರೆಯ ನೋವನ್ನು ಕಂಡು ಬರೆದಿಟ್ಟವನ ಚರಿತ್ರೆಯನ್ನು ಹಾರೂಗೇರಿ ಸೀಮೆಯ ನಮ್ಮ ವಾಚಕರಿಗೆ ಸಂಕ್ಷೇಪವಾಗಿ ತಿಳಿಸುವೆವು.

ಆಲ್ಫ್ರೆಡ್ ವೆಲ್ಪೋ ಎಂಬವನು 1795ನೇ ಇಸವಿಯಲ್ಲಿ ಫ್ರಾನ್ಸ್ ದೇಶದ ಬ್ರೆಶ್ ಎಂಬ ಹಳ್ಳಿಯಲ್ಲಿ ಹುಟ್ಟಿದನು. ತಂದೆಯು ಕುದುರೆಗಳಿಗೆ ಲಾಳ ಕಟ್ಟುವವನು. ಹುಡುಗನು ವೈದ್ಯಗ್ರಂಥಗಳನ್ನು ತಾನೇ ಓದಿಕೊಂಡನು. ತರುವಾಯ ತೂರ್ ಪಟ್ಟಣದಲ್ಲಿ ಬ್ರೆತೊನೋ ಎಂಬ ಪ್ರಸಿದ್ಧ ವೈದ್ಯನ ಶಿಷ್ಯನಾಗಿ, 1820ರಲ್ಲಿ ಪ್ಯಾರಿಸಿಗೆ ಹೋದನು. ಅಲ್ಲಿ ಶಾರಿತೆ ಆಸ್ಪತ್ರೆಯ ಪ್ರಾಧ್ಯಾಪಕನಾಗಿ, 1867ರಲ್ಲಿ ಮೃತನಾಗುವ ತನಕ ಶಸ್ತ್ರವೈದ್ಯವನ್ನು ಬೋಧಿಸಿದನು. ತೋಳನ್ನು ಎದೆಗೆ ಬಿಗಿದು ಕಟ್ಟುವ ಪಟ್ಟಿಯೊಂದಕ್ಕೆ ಇಂದಿಗೂ ಆತನ ಹೆಸರೇ ಇರುವದು.

ಮೇಲೆ ಹೇಳಿದ ಕುರುಗಳನ್ನು ಆತನು 1839ರಲ್ಲಿ ವಿವರಿಸಿದನು. 1854ರಲ್ಲಿ ವೆರ್ನಯ್ ಎಂಬ ಮತ್ತೊಬ್ಬ ಶಸ್ತ್ರವೈದ್ಯನು ಇದು ಬೆವರಿನ ಗ್ರಂಥಿಗಳ ರೋಗವೆಂದು ಹೆಸರಿಟ್ಟನು. ಆದರೆ ಕೂದಲಿನ ಬೇರಿರುವ ಕುಳಿಯು ಮುಚ್ಚಿಹೋಗುವದೇ ಮೊದಲ ಕಾರಣವೆಂದೂ, ಬೆವರಿನ ಗ್ರಂಥಿಗಳು ಆಮೇಲೆ ಬಾಧೆಪಡುವವೆಂದೂ ಈಗ ತಿಳಿದಿರುವದು.

ವೆಲ್ಪೋವಿನ ಒಂದು ಗುಣವು ಸ್ಮರಣೀಯವಾದದ್ದು. ನೋವಿಲ್ಲದೆ ಶಸ್ತ್ರಕ್ರಿಯೆ ಮಾಡುವದು ಬರೀ ಕನಸೆಂದು ಆತನು 1839ರಲ್ಲಿ ಬರೆದಿದ್ದನು. 1847ರಲ್ಲಿ ಈಥರಿನ ಶಕ್ತಿಯನ್ನು ಕಣ್ಣಾರೆ ಕಂಡಾಗ ಹಟಹಿಡಿಯದೆ ಅದನ್ನು ಬಹಿರಂಗವಾಗಿ ಒಪ್ಪಿಕೊಂಡನು. ಕೀರ್ತಿಗಿಂತ ಸತ್ಯವು ಆತನಿಗೆ ದೊಡ್ಡದಾಗಿತ್ತು.

ಈ ವ್ಯಾಧಿಯು ಅಂಟುರೋಗವಲ್ಲ, ಕೊಳಕಿನಿಂದ ಬರುವದಲ್ಲ, ಯಾರ ಶಾಪದಿಂದಲೂ ಬರುವದಲ್ಲ. ಧೂಮಪಾನವೂ ಅತಿಸ್ಥೂಲತೆಯೂ ಇದನ್ನು ಹೆಚ್ಚಿಸುವವು. ಕುರುವನ್ನು ಬರೇ ಕೊಯ್ದು ಕೀವು ತೆಗೆದರೆ ನೋವು ಇಳಿಯುವದು, ಆದರೆ ಕುರುವು ತಿರುಗಿ ಬರುವದು. ಚರ್ಮವೈದ್ಯರು ಹಲವು ವಾರಗಳ ಔಷಧಿಯನ್ನು ಕೊಡುವರು. ರೋಗವು ಬಲಿತಿದ್ದರೆ ಕೆಟ್ಟ ಚರ್ಮವನ್ನು ಶಸ್ತ್ರದಿಂದ ತೆಗೆಯುವರು. 2015ರಿಂದ ಅಡಾಲಿಮುಮ್ಯಾಬ್ ಎಂಬ ಚುಚ್ಚುಮದ್ದೂ ಇದಕ್ಕೆ ಬಳಕೆಯಲ್ಲಿರುವದು.

ಆದದರಿಂದ ನಿಮ್ಮ ಮನೆಯಲ್ಲಿ ಮಗಳಾಗಲಿ ಸೊಸೆಯಾಗಲಿ ತೋಳೆತ್ತಲು ನೋಯುತ್ತಾ ಸುಮ್ಮನಿದ್ದರೆ ಆಕೆಯನ್ನು ಗದರಿಸಬೇಡಿರಿ, ದೂರ ಇಡಬೇಡಿರಿ. ಮೆಲ್ಲಗೆ ವಿಚಾರಿಸಿ, ಹಳೆಯ ಗಾಯವಾಗುವ ಮೊದಲೇ ವೈದ್ಯರ ಬಳಿಗೆ ಕರೆದುಕೊಂಡು ಹೋಗಿರಿ.