ಮರಳಿ ಬಂದ ಸ್ವರ: ಚೆಂಬೈ ವೈದ್ಯನಾಥ ಭಾಗವತರು

ವೃಶ್ಚಿಕ ಮಾಸದ ಶುಕ್ಲ ಏಕಾದಶಿಯು ಗುರುವಾಯೂರು ಕ್ಷೇತ್ರದಲ್ಲಿ ಮಹಾಪರ್ವ. ಆ ಪುಣ್ಯದಿನಕ್ಕೆ ಮುಂಚಿತವಾಗಿ ಹದಿನೈದು ದಿನಗಳ ಕಾಲ ಅಲ್ಲಿ ಸಂಗೀತಸೇವೆ ನಡೆಯುತ್ತದೆ. ಹೆಸರಾಂತ ವಿದ್ವಾಂಸರೂ, ಈಗಷ್ಟೇ ಗೀತೆ ಕಲಿತ ಪುಟ್ಟ ಮಕ್ಕಳೂ ಒಂದೇ ವೇದಿಕೆಯನ್ನೇರಿ ಶ್ರೀಕೃಷ್ಣನ ಮುಂದೆ ಹಾಡಿ ಕೃತಾರ್ಥರಾಗುತ್ತಾರೆ. ಇದಕ್ಕೆ ಚೆಂಬೈ ಸಂಗೀತೋತ್ಸವವೆಂದು ಹೆಸರು. ಕಾಸರಗೋಡಿನ ಕಡೆಯಿಂದ ಗುರುವಾಯೂರಿಗೆ ಹೋಗಿ ಬರುವ ಭಕ್ತರಲ್ಲಿ ಈ ಹೆಸರನ್ನು ಕೇಳಿದವರು ಅನೇಕರು. ಆದರೆ ಈ ಹೆಸರಿನ ಹಿಂದಿರುವ ಮಹಾನುಭಾವರು ತಮ್ಮ ಕಂಠವನ್ನೇ ಕಳೆದುಕೊಂಡು, ಮತ್ತೆ ಪಡೆದು, ಅದನ್ನು ದೇವರಿಗೇ ಒಪ್ಪಿಸಿದ ಕಥೆಯನ್ನು ತಿಳಿದವರು ಅಷ್ಟಿಲ್ಲ.

ವೈದ್ಯನಾಥ ಭಾಗವತರು ಜನಿಸಿದ್ದು 1896ರಲ್ಲಿ, ಶ್ರೀಕೃಷ್ಣ ಜನ್ಮಾಷ್ಟಮಿಯ ಶುಭದಿನದಂದು, ವಡಗರ ಸಮೀಪದ ಲೋಕನಾರ್ಕಾವಿನಲ್ಲಿ. ತಂದೆ ಅನಂತ ಭಾಗವತರು, ತಾಯಿ ಪಾರ್ವತಿ ಅಮ್ಮಾಳ್. ಮನೆತನದ ಮೂಲ ಊರು ಪಾಲಕ್ಕಾಡಿನ ಚೆಂಬೈ ಗ್ರಾಮ. ಆ ಊರಿನ ಶ್ರೀ ಪಾರ್ಥಸಾರಥಿ ದೇವರು ಅವರ ಆರಾಧ್ಯದೈವ. ಮನೆತನದಲ್ಲಿ ತಲೆತಲಾಂತರಗಳಿಂದ ಸಂಗೀತವು ನೆಲೆಸಿತ್ತು. ವೈದ್ಯನಾಥರಿಗೂ ಅವರ ಸಹೋದರ ಸುಬ್ರಹ್ಮಣ್ಯರಿಗೂ ತಂದೆಯೇ ಮೊದಲ ಗುರು.

ಆ ಕಾಲದ ಪಾಠಕ್ರಮದಲ್ಲಿ ಕೃತಿಗಳಿಗೆ ಅವಸರವಿರಲಿಲ್ಲ. ಸರಳೆ, ಜಂಟಿ, ಅಲಂಕಾರಗಳು ಮೂರು ಕಾಲಗಳಲ್ಲಿಯೂ ಶ್ರುತಿಶುದ್ಧವಾಗಿ ಬಂದ ಬಳಿಕವೇ ಮುಂದಿನ ಪಾಠ. ನಸುಕಿನಲ್ಲೆದ್ದು, ತಂಬೂರಿಯ ಶ್ರುತಿಗೆ ಹೊಂದಿಸಿಕೊಂಡು, ಬಾಯಿ ತೆರೆದು ಅಕಾರದಲ್ಲಿ ಸ್ವರವನ್ನು ನಿಲ್ಲಿಸುವ ಸಾಧನೆಯೇ ಕಂಠಕ್ಕೆ ಅಡಿಪಾಯ. ಹಲ್ಲು ಕಚ್ಚದೆ, ಹೆಗಲು ಬಿಗಿಯದೆ, ನಾಭಿಯಿಂದ ಬಂದ ಉಸಿರಿನ ಬಲದಿಂದ ಹಾಡುವ ಅಭ್ಯಾಸ ಚಿಕ್ಕಂದಿನಲ್ಲಿ ಕೂಡಿಬಂದರೆ ದನಿ ತಾನಾಗಿಯೇ ತುಂಬಿಕೊಳ್ಳುತ್ತದೆ. ಮುಂದೆ ಭಾಗವತರ ಗಾಯನವನ್ನು ಕೇಳಿದವರೆಲ್ಲರೂ ಕೊಂಡಾಡಿದ್ದು ಗಂಟೆಯ ನಾದದಂತಹ ಆ ತುಂಬುಕಂಠವನ್ನೇ. ಅವರು ಪಿಟೀಲು ಮತ್ತು ಕೊಳಲನ್ನೂ ಬಲ್ಲವರಾಗಿದ್ದರು.

1904ರಲ್ಲಿ ಒಟ್ಟಪಾಲಂ ಸಮೀಪದ ಪೂಳಿಕ್ಕುನ್ನು ಶ್ರೀಕೃಷ್ಣ ದೇವಸ್ಥಾನದಲ್ಲಿ ಅವರ ಮೊದಲ ಸಂಗೀತ ಕಚೇರಿ ನಡೆಯಿತು. ಸಹೋದರರಿಬ್ಬರೂ ಜೊತೆಗೂಡಿ ಹಾಡುತ್ತಿದ್ದುದರಿಂದ ಚೆಂಬೈ ಸಹೋದರರೆಂದೇ ಹೆಸರಾಯಿತು. ಅದು ಧ್ವನಿವರ್ಧಕಗಳಿಲ್ಲದ ಕಾಲ. ಜಾತ್ರೆಯ ಅಂಗಣದಲ್ಲಿ ನೆರೆದ ಜನಸ್ತೋಮದ ಕೊನೆಯ ಸಾಲಿಗೂ ಪಲ್ಲವಿ ಕೇಳಿಸಬೇಕಿತ್ತು. ಎಷ್ಟೋ ಗಾಯಕರು ಕಂಠ ಹರಿಯುವಂತೆ ಕೂಗಿ ನಡುವಯಸ್ಸಿಗೇ ದನಿ ಕಳೆದುಕೊಳ್ಳುತ್ತಿದ್ದ ಆ ದಿನಗಳಲ್ಲಿ ಚೆಂಬೈಯವರು ನಿರಾಯಾಸವಾಗಿ ಹಾಡಿ ಮದರಾಸಿನ ಸಭೆಗಳನ್ನೂ ಗೆದ್ದುಕೊಂಡರು. ಹೊಸಬರನ್ನು ಗುರುತಿಸಿ ಮುಂದೆ ತರುವುದರಲ್ಲಿಯೂ ಅವರದು ಎತ್ತಿದ ಕೈ. ಮೃದಂಗ ಸಾಮ್ರಾಟರೆನಿಸಿದ ಪಾಲ್ಘಾಟ್ ಮಣಿ ಅಯ್ಯರ್ ಎಳೆಯ ಹುಡುಗನಾಗಿದ್ದಾಗ ಮದರಾಸಿನ ರಸಿಕರಿಗೆ ಪರಿಚಿತರಾದುದು ಚೆಂಬೈಯವರ ಕಚೇರಿಯ ಮೂಲಕವೇ.

1951ರಲ್ಲಿ ಮದರಾಸಿನ ಸಂಗೀತ ಅಕಾಡೆಮಿಯು ಅವರಿಗೆ ಸಂಗೀತ ಕಲಾನಿಧಿ ಪುರಸ್ಕಾರ ನೀಡಿ ಗೌರವಿಸಿತು. ಕರ್ನಾಟಕ ಸಂಗೀತದಲ್ಲಿ ವಿದ್ವಾಂಸನೊಬ್ಬನು ಬಯಸಬಹುದಾದ ಅತ್ಯುನ್ನತ ಸ್ಥಾನವದು. ಆದರೆ ದೈವಲೀಲೆ ವಿಚಿತ್ರ. ಆ ಗೌರವದ ಬೆನ್ನಿಗೇ, 1952ರ ಸುಮಾರಿಗೆ, ಕಚೇರಿಯೊಂದರ ನಡುವೆ ಅವರ ಕಂಠವು ಹಠಾತ್ತಾಗಿ ನಿಂತುಹೋಯಿತು. ಹಾಡಲು ಬಾಯಿ ತೆರೆದರೂ ಸ್ವರ ಹೊರಡಲಿಲ್ಲ. ಸುಮಾರು ಐವತ್ತು ವರ್ಷಗಳಿಂದ ನಾದವನ್ನೇ ನಂಬಿ ಬದುಕಿದವರು ಆ ನಾದವಿಲ್ಲದೆ ಶಿಷ್ಯರ ಮತ್ತು ಅಭಿಮಾನಿಗಳ ಎದುರು ಕುಳಿತಿರಬೇಕಾದ ಸಂಕಟವನ್ನು ಊಹಿಸಿಕೊಳ್ಳುವುದೂ ಕಷ್ಟ. ಧನಕನಕಗಳು ಹೋದರೆ ಮತ್ತೆ ಸಂಪಾದಿಸಬಹುದು. ಗಾಯಕನಿಗೆ ಕಂಠವೇ ಹೋದರೆ ಬದುಕಿನ ಆಧಾರವೇ ಕಳಚಿಬಿದ್ದಂತೆ.

ಗಂಟಲಿನ ಸ್ವರತಂತುಗಳು ಬಹು ಸೂಕ್ಷ್ಮ. ಬಿಡುವಿಲ್ಲದ ಕಚೇರಿ, ಪ್ರಯಾಣ, ನಿದ್ದೆಗೇಡು, ಶೀತ ಇವುಗಳಿಂದ ಅವು ಬಾತುಕೊಂಡಾಗ ದನಿ ಒಡೆಯುವುದುಂಟು. ಆಗ ದನಿಯನ್ನು ಬಲವಂತದಿಂದ ಹೊರಡಿಸಲು ಹೋದರೆ ಕೊರಳು ಮತ್ತಷ್ಟು ಬಿಗಿಯುತ್ತದೆ, ಗಾಯ ಮತ್ತಷ್ಟು ಬಲಿಯುತ್ತದೆ. ಮೌನ, ವಿಶ್ರಾಂತಿ ಮತ್ತು ತಾಳ್ಮೆಯ ಹೊರತು ಹತ್ತಿರದ ದಾರಿ ಇಲ್ಲ. ಬೇಗನೆ ಹಾಡಬೇಕೆಂಬ ಆತುರವೇ ಗಾಯಕನ ದೊಡ್ಡ ಶತ್ರು. ಸಾವಿರಾರು ಜನರ ಕರತಾಡನಕ್ಕೆ ಒಗ್ಗಿದವರಿಗೆ ಮೌನವಾಗಿ ಕಾಯುವುದು ಯಾವ ವ್ರತಕ್ಕೂ ಕಡಿಮೆಯಲ್ಲ.

ಭಾಗವತರು ಗುರುವಾಯೂರಪ್ಪನಿಗೆ ಶರಣಾದರು. ಸನ್ನಿಧಿಯಲ್ಲಿ ನಿಂತು, ಹಾಡಲಾಗದ ಕಂಠದಿಂದಲೇ ಮೊರೆಯಿಟ್ಟರು. ಭಕ್ತನು ಮೊರೆಯಿಟ್ಟು ಸುಮ್ಮನೆ ಕುಳಿತರೆ ಸಾಲದು, ದೇವರು ತೋರಿದ ದಾರಿಯಲ್ಲಿ ನಡೆಯಲೂ ಬೇಕು. ಕೇರಳದ ಪ್ರಸಿದ್ಧ ಆಯುರ್ವೇದ ಮನೆತನವಾದ ವೈದ್ಯಮಠದ ನಂಬೂದಿರಿ ವೈದ್ಯರು ಅವರ ಚಿಕಿತ್ಸೆಗೆ ಮುಂದಾದರು. ಹದಿನೆಂಟು ದಿನಗಳ ಆ ಚಿಕಿತ್ಸೆಯ ಬಳಿಕ ಸ್ವರ ಮರಳಿತೆಂದು ಹಿರಿಯರು ಹೇಳಿಕೊಂಡು ಬಂದಿದ್ದಾರೆ. ಔಷಧದ ಗುಣವೋ ದೇವರ ಕರುಣೆಯೋ ಎಂದು ಭಾಗವತರು ತೂಗಿ ನೋಡಲಿಲ್ಲ. ವೈದ್ಯನ ಕೈಯಲ್ಲಿ ಗುಣವಿಟ್ಟವನೂ ಗುರುವಾಯೂರಪ್ಪನೇ ಎಂಬುದು ಆಸ್ತಿಕರಾದ ಅವರ ನಂಬಿಕೆ.

ಮರಳಿ ಬಂದ ಕಂಠವನ್ನು ಅವರು ತನ್ನದೆಂದು ತಿಳಿಯಲಿಲ್ಲ. ಮುಂದೆ ಕಚೇರಿಗಳಿಂದ ಬಂದ ಸಂಪಾದನೆಯನ್ನು ಗುರುವಾಯೂರಪ್ಪನ ಸೇವೆಗೆ ಮುಡಿಪಾಗಿಟ್ಟರು. ಸೂರ್ಯೋದಯದಿಂದ ಅಸ್ತಮಾನದವರೆಗೆ ನಡೆಯುವ ಉದಯಾಸ್ತಮಾನ ಪೂಜೆಯನ್ನು ಅಲ್ಲಿ ನೆರವೇರಿಸುತ್ತಿದ್ದರು. ಏಕಾದಶಿಯ ಸಮಯದಲ್ಲಿ ಶಿಷ್ಯರನ್ನೂ ಸಹವಿದ್ವಾಂಸರನ್ನೂ ಕೂಡಿಕೊಂಡು ಗುರುವಾಯೂರಿನಲ್ಲಿ ಹಾಡುವುದು ಅವರ ನಿಯಮವಾಗಿತ್ತು. ಇರಯಿಮ್ಮನ್ ತಂಬಿಯವರು ಶ್ರೀರಾಗದಲ್ಲಿ ರಚಿಸಿದ್ದ, ಕೃಷ್ಣನ ಕರುಣೆ ಯಾಕೆ ತಡವಾಯಿತೆಂದು ಕೇಳುವ ಮಲೆಯಾಳ ಕೀರ್ತನೆಯನ್ನು ಅವರು ಯದುಕುಲಕಾಂಭೋಜಿ ರಾಗದಲ್ಲಿ ಹಾಡಿ ಮನೆಮನೆಗೂ ಮುಟ್ಟಿಸಿದರು. ತಡವಾಗಿಯಾದರೂ ಬಂದ ಕರುಣೆಯ ರುಚಿ ಕಂಡವರ ಬಾಯಿಂದ ಕೇಳುವಾಗ ಆ ಪದಕ್ಕೆ ಬೇರೆಯೇ ಅರ್ಥ ಬರುತ್ತಿತ್ತು.

ಶಿಷ್ಯರನ್ನು ಸ್ವೀಕರಿಸುವಾಗ ಅವರು ಜಾತಿಮತಗಳನ್ನು ಎಣಿಸಲಿಲ್ಲ. ಕ್ರೈಸ್ತ ಮನೆತನದಲ್ಲಿ ಹುಟ್ಟಿದ ಕೆ. ಜೆ. ಯೇಸುದಾಸರು ಅದಾಗಲೇ ಚಲನಚಿತ್ರ ಗಾಯಕರಾಗಿ ಪ್ರಸಿದ್ಧಿಗೆ ಬಂದಿದ್ದರೂ ಶಾಸ್ತ್ರೀಯ ಸಂಗೀತದ ಪಾಠಕ್ಕಾಗಿ ಮತ್ತೆ ವಿದ್ಯಾರ್ಥಿಯಾಗಿ ಚೆಂಬೈಯವರ ಮುಂದೆ ಕುಳಿತರು. ಗುರುಗಳು ಅವರನ್ನು ಮಗನಂತೆ ಕಂಡು, ವೇದಿಕೆಯಲ್ಲಿ ತಮ್ಮ ಪಕ್ಕದಲ್ಲಿಯೇ ಕುಳ್ಳಿರಿಸಿಕೊಂಡರು. ಅವಳಿ ಸಹೋದರರಾದ ಜಯ ವಿಜಯರೂ ಅವರ ಶಿಷ್ಯರೇ. 1958ರಲ್ಲಿ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿ, 1973ರಲ್ಲಿ ಪದ್ಮಭೂಷಣ ಭಾಗವತರನ್ನು ಅರಸಿಕೊಂಡು ಬಂದವು.

1974ರ ಅಕ್ಟೋಬರ್ 16ರಂದು, ಬಾಲಕನಾಗಿ ಮೊದಲ ಕಚೇರಿ ನಡೆಸಿದ್ದ ಆ ಪೂಳಿಕ್ಕುನ್ನು ದೇವಸ್ಥಾನದಲ್ಲಿಯೇ ಭಾಗವತರು ಹಾಡಿದರು. ಕಡೆಗೆ ಹಾಡಿದ್ದು ತಮ್ಮ ಪ್ರೀತಿಯ ಅದೇ ಕೃಷ್ಣಕೀರ್ತನೆ. ಕಚೇರಿ ಮುಗಿಸಿ ಶಿಷ್ಯರೊಡನೆ ಮಾತನಾಡುತ್ತಿದ್ದಂತೆಯೇ ಕುಸಿದು, ಶ್ರೀಕೃಷ್ಣನ ಪಾದವನ್ನು ಸೇರಿದರು. ಎಪ್ಪತ್ತು ವರ್ಷಗಳ ನಾದಯಾತ್ರೆಯು ಹೊರಟ ಸನ್ನಿಧಿಗೇ ಬಂದು ನಿಂತಿತು. ಪಾಲಕ್ಕಾಡಿನ ಸರಕಾರಿ ಸಂಗೀತ ಕಾಲೇಜು ಇಂದು ಅವರ ಹೆಸರನ್ನು ಹೊತ್ತಿದೆ. ಗುರುವಾಯೂರು ದೇವಸ್ವಂನ ವತಿಯಿಂದ ಸಂಗೀತೋತ್ಸವವು ವರ್ಷಂಪ್ರತಿ ಜರಗುತ್ತಿದೆ.

ಜಾತ್ರೋತ್ಸವದ ದಿನಗಳಲ್ಲಿ ಭಜನಾ ಮಂದಿರಗಳಲ್ಲಿ ರಾತ್ರಿಯಿಡೀ ಹಾಡುವ ಭಕ್ತರಿಗೂ, ಮದುವೆ, ಸಂಸಾರ, ಉದ್ಯೋಗಗಳ ನಡುವೆ ಬಿಟ್ಟುಹೋದ ಸಂಗೀತಪಾಠಕ್ಕೆ ವರ್ಷಗಳ ಬಳಿಕ ಮರಳುವ ತಾಯಂದಿರಿಗೂ ಈ ಜೀವನದಲ್ಲಿ ಒಂದು ಪಾಠವಿದೆ. ದನಿ ಮೊದಲಿನಂತೆ ಏಳದಿದ್ದರೆ ನಾಚಬೇಕಾಗಿಲ್ಲ, ಕೊರಳು ಬಿಗಿದು ಕೂಗಬೇಕಾಗಿಯೂ ಇಲ್ಲ. ನೋವಿದ್ದಾಗ ಮೌನ, ವೈದ್ಯರ ಸಲಹೆ, ಗುಣವಾದ ಮೇಲೆ ಮಂದ್ರಸ್ಥಾಯಿಯ ಸರಳೆಯಿಂದ ನಿಧಾನವಾಗಿ ಆರಂಭ, ಇಷ್ಟಾದರೆ ಸಾಕು. ಕಂಠವನ್ನು ಕೊಟ್ಟವನು ಭಗವಂತ. ಅದನ್ನು ಜೋಪಾನವಾಗಿಟ್ಟು ಅವನಿಗೇ ಒಪ್ಪಿಸುವುದು ಭಕ್ತನ ಕರ್ತವ್ಯ. ಚೆಂಬೈ ಭಾಗವತರ ಪುಣ್ಯಸ್ಮರಣೆಯು ಸರ್ವರಿಗೂ ನಾದಭಾಗ್ಯವನ್ನು ಕರುಣಿಸಲಿ.